ಸರದಿ ಸಾಲಿನ ಸಜ್ಜನರು

ಅಮೆರಿಕಕ್ಕೆ ಕಾಗದಪತ್ರ ಸರಿಯಾಗಿಟ್ಟುಕೊಂಡು ಹೋದವರಿಗೆ ಕಾಗದವಿಲ್ಲದೆ ಹೋದವರ ಮೇಲಿರುವ ಸಿಟ್ಟು ಆ ದೇಶದ ಅಧ್ಯಕ್ಷರಿಗೂ ಇರಲಾರದು. ಅಧ್ಯಕ್ಷರ ಸಿಟ್ಟು ಚುನಾವಣೆ ಹತ್ತಿರ ಬಂದಾಗ ಏರುತ್ತದೆ, ಸ್ಟ್ರಾಬೆರಿ ಕೊಯ್ಲಿನ ಹೊತ್ತಿಗೆ ತುಸು ಇಳಿಯುತ್ತದೆ. ನಮ್ಮ ಭಾವನ ಸಿಟ್ಟು ಮಾತ್ರ ವರ್ಷದ ಹನ್ನೆರಡು ತಿಂಗಳೂ ಒಂದೇ ಕಾವಿನಲ್ಲಿರುತ್ತದೆ. ಅವರು 2013ರಿಂದ ಡಲ್ಲಾಸ್ ಪಕ್ಕದ ಊರೊಂದರಲ್ಲಿ ತಾತ್ಕಾಲಿಕವಾಗಿ ವಾಸವಾಗಿದ್ದಾರೆ. ಸ್ವಂತ ಮನೆ ಇದೆ, ಎರಡು ಕಾರಿದೆ, ಹಿತ್ತಲಲ್ಲಿ ಕುಂಡದಲ್ಲಿ ಬೆಳೆದ ಕರಿಬೇವಿದೆ. ಆದರೂ ಸರ್ಕಾರದ ಕಡತದಲ್ಲಿ ಅವರು ಇವತ್ತಿಗೂ ತಾತ್ಕಾಲಿಕ.

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು, ಹಲವರ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ, ಅಮೃತಸರಕ್ಕೆ ತಂದಿಳಿಸಿತಲ್ಲ, ಅವತ್ತು ಭಾವ ಫೋನ್ ಮಾಡಿದ್ದರು. ‘ಸರಪಳಿ ಹಾಕಬಾರದಿತ್ತು ಮಾರಾಯ, ಅದು ಸರಿಯಲ್ಲ. ಆದರೆ ಲೈನ್ ತಪ್ಪಿಸಿ ನುಗ್ಗಿದ್ದಕ್ಕೆ ಏನಾದರೂ ಒಂದು ಬೇಕಲ್ಲ? ನಾವೆಲ್ಲ ಲೈನಿನಲ್ಲಿ ನಿಂತು, ಮೆರಿಟ್ ಮೇಲೆ ಬಂದವರು.’

ಮೆರಿಟ್ಟಿನ ವಿಷಯ ಮೊದಲು ನೋಡೋಣ. ಭಾವನಿಗೆ ಎಚ್-1ಬಿ ಎಂಬ ಕೆಲಸದ ವೀಸಾ ಸಿಕ್ಕಿದ್ದು 2013ರ ಏಪ್ರಿಲ್‌ನಲ್ಲಿ. ಆ ವರ್ಷ 85,000 ಜಾಗಕ್ಕೆ ಸುಮಾರು 1,24,000 ಅರ್ಜಿ ಬಂದವು. ಅಮೆರಿಕ ಸರ್ಕಾರ ಅಷ್ಟೂ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿ ಚೀಟಿ ಎತ್ತಿತು. ಚೀಟಿ ಎತ್ತುವ ಹೊತ್ತಿಗೆ ಭಾವ ಸುರತ್ಕಲ್ಲಿನಲ್ಲಿ ಓದಿದ್ದನ್ನಾಗಲಿ, ಅವರ ಅಂಕಪಟ್ಟಿಯನ್ನಾಗಲಿ ಆ ಕಂಪ್ಯೂಟರು ನೋಡಲಿಲ್ಲ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದ ಮೇಲೆ ನಮ್ಮ ಜಾಣ ಮಕ್ಕಳಿಗೆ ಉಳಿದದ್ದು ಅಮೆರಿಕದ ಲಾಟರಿ ಒಂದೇ. ಗೆದ್ದವರು ಅದನ್ನು ಪ್ರತಿಭೆ ಅನ್ನುತ್ತಾರೆ, ಸೋತವರು ಕೆನಡಾಕ್ಕೆ ಹೋಗುತ್ತಾರೆ.

ಲೈನಿನಲ್ಲಿ ನಿಂತವರ ಶಿಸ್ತಿನ ಬಗ್ಗೆಯೂ ಒಂದು ಮಾತು. 2023ರ ಲಾಟರಿಗೆ ಏಳೂಮುಕ್ಕಾಲು ಲಕ್ಷ ಹೆಸರು ನೋಂದಣಿಯಾದವು. ಎಣಿಸಿ ನೋಡಿದರೆ ಅದರಲ್ಲಿ 4 ಲಕ್ಷಕ್ಕೂ ಮೀರಿ ಒಬ್ಬೊಬ್ಬರ ಹೆಸರಿನಲ್ಲೇ ಹಲವು ಕಂಪನಿಗಳು ಹಾಕಿದ್ದ ಚೀಟಿಗಳು. ಮರುವರ್ಷ ಸರ್ಕಾರವೇ ಬೆಚ್ಚಿಬಿದ್ದು ‘ಎಷ್ಟು ಕಂಪನಿ ಹಾಕಿದರೂ ಒಬ್ಬ ಮನುಷ್ಯನಿಗೆ ಒಂದೇ ಚೀಟಿ’ ಅಂತ ನಿಯಮ ತಿದ್ದಿತು. ಬೇಲಿ ಹಾರಲು ಏಣಿ ಬೇಕಾಗುತ್ತದೆ. ಇದಕ್ಕೆ ನಾಲ್ಕು ಕನ್ಸಲ್ಟೆನ್ಸಿಗಳ ಪರಿಚಯ ಸಾಕಾಗುತ್ತಿತ್ತು.

ಇರಲಿ, ಅದು ಎಚ್-1ಬಿ. ಭಾವ ನಿಂತಿರುವ ನಿಜವಾದ ಸಾಲು ಗ್ರೀನ್ ಕಾರ್ಡಿನದು. ಅದರ ವ್ಯವಸ್ಥೆಯನ್ನು ತಿಳಿದರೆ ನಮ್ಮ ಜ್ಯೋತಿಷಿಗಳೂ ತಲೆಬಾಗುತ್ತಾರೆ. 1990ರ ಕಾನೂನು ವರ್ಷಕ್ಕೆ 1,40,000 ಉದ್ಯೋಗಾಧಾರಿತ ಗ್ರೀನ್ ಕಾರ್ಡ್ ಇಟ್ಟಿದೆ, ನೌಕರರ ಹೆಂಡತಿ ಮಕ್ಕಳನ್ನೂ ಸೇರಿಸಿ. ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದು. ಬೇರೆಯವರು ಬೇಡವೆಂದು ಬಿಟ್ಟದ್ದು ಉಳಿದರೆ ಮೇಲೊಂದಿಷ್ಟು. 140 ಕೋಟಿ ಜನರ ಭಾರತಕ್ಕೂ ಅದೇ 7, ಹುಬ್ಬಳ್ಳಿಯಷ್ಟೂ ಜನರಿಲ್ಲದ ಐಸ್‌ಲ್ಯಾಂಡಿಗೂ ಅದೇ 7. ಸಮಾನತೆ ಅಂದರೆ ಇದು.

ದೇಶ ಅಂದರೆ ಪಾಸ್‌ಪೋರ್ಟ್ ಕೊಟ್ಟ ದೇಶ ಅಂತ ನೀವು ಅಂದುಕೊಂಡಿರಬಹುದು. ಭಾವನೂ ಹಾಗೇ ಅಂದುಕೊಂಡಿದ್ದರು. ಕಾನೂನು ನೋಡುವುದು ಹುಟ್ಟಿದ ದೇಶವನ್ನು.

ಭಾವನ ಅಪ್ಪ ಕುವೈತಿನಲ್ಲಿ ಕೆಲಸಕ್ಕಿದ್ದರು. ಗಂಡ ಹೆಂಡತಿ ಇಬ್ಬರೂ ಅಲ್ಲೇ ಸಂಸಾರ ಹೂಡಿದ್ದರು. ಆದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಅಜ್ಜಿ ಹಠ ಹಿಡಿದು ಮಗಳನ್ನು ಕರೆಸಿಕೊಂಡರು, ಭಾವ 1984ರಲ್ಲಿ ಕುಂದಾಪುರದ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟರು, ಬಾಣಂತನ ಸಾಂಗವಾಗಿ ನಡೆಯಿತು. ನಾಲ್ಕು ವರ್ಷದ ಮೇಲೆ ಎರಡನೆಯ ಹೆರಿಗೆಗೆ ಊರಿಗೆ ಬರಲು ರಜೆ ಸಿಗಲಿಲ್ಲ. ಭಾವನ ತಮ್ಮ ಕುವೈತಿನಲ್ಲೇ ಹುಟ್ಟಿದ. ಕುವೈತ್ ಅವನನ್ನು ತನ್ನ ಪ್ರಜೆಯೆಂದು ಒಂದು ಗಳಿಗೆಯೂ ಒಪ್ಪಿಕೊಂಡದ್ದಿಲ್ಲ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಬರುವುದಿಲ್ಲ. ಅಣ್ಣನದ್ದೂ ತಮ್ಮನದ್ದೂ ಒಂದೇ ಬಣ್ಣದ ಭಾರತೀಯ ಪಾಸ್‌ಪೋರ್ಟ್. ಒಂದೇ ಶಾಲೆ, ಒಂದೇ ಗೋತ್ರ. ಇಬ್ಬರೂ ಬರೆಯುವ ಕೋಡಿನಲ್ಲಿ ತಪ್ಪುಗಳೂ ಸುಮಾರು ಒಂದೇ ಥರ ಅಂತ ಭಾವನೇ ಹೇಳುತ್ತಾರೆ.

ತಮ್ಮ ಅಮೆರಿಕಕ್ಕೆ ಹೋದದ್ದು ಅಣ್ಣನಿಗಿಂತ ನಾಲ್ಕು ವರ್ಷ ತಡವಾಗಿ. ಅವನ ಅರ್ಜಿ ಕುವೈತಿನ ಖಾತೆಗೆ ಬಿತ್ತು. ಕುವೈತಿನ ಖಾತೆಯಲ್ಲಿ ನಿಲ್ಲುವವರು ಯಾರಿದ್ದಾರೆ? 2020ರಲ್ಲಿ ಗ್ರೀನ್ ಕಾರ್ಡ್ ಅಂಚೆಯಲ್ಲಿ ಮನೆಗೆ ಬಂತು. ಅಣ್ಣನ ಅರ್ಜಿಯ ಮೇಲೆ (ಐ-140 ಅಂತ ಅದರ ಹೆಸರು) 2016ರ ತಾರೀಕಿದೆ. 2025ರ ಕೊನೆಗೆ ಭಾರತದವರ ಸಾಲು ಬಂದು ನಿಂತಿದ್ದದ್ದು 2013ರ ಅರ್ಜಿಗಳ ಹತ್ತಿರ. ನಡುವೆ ಮೂರೇ ವರ್ಷದ ಅಂತರವಲ್ಲವೇ ಅಂದರೆ ಭಾವ ನಗುವುದಿಲ್ಲ. ಪ್ರತಿ ತಿಂಗಳೂ ಬರುವ ವೀಸಾ ಬುಲೆಟಿನ್ನಿನಲ್ಲಿ ತಾರೀಕು ಒಮ್ಮೆ ಎರಡು ವಾರ ಮುಂದೆ ಹೋಗುತ್ತದೆ, ಮೂರು ತಿಂಗಳು ಕದಲುವುದಿಲ್ಲ, ಮನಸ್ಸಾದರೆ ಒಂದೆರಡು ವರ್ಷ ಹಿಂದಕ್ಕೇ ಹೋಗಿಬಿಡುತ್ತದೆ. ಅದಕ್ಕೆ ರಿಟ್ರೊಗ್ರೆಷನ್ ಅಂತ ಹೆಸರೂ ಇದೆ. ಸಾಲಿನಲ್ಲಿ ಅಲ್ಲಾಡದೆ ನಿಂತಿದ್ದಂತೆಯೇ ಕಿಟಕಿ ದೂರ ಹೋಗುವ ವ್ಯವಸ್ಥೆ.

ಈ ಸಾಲಿನ ಉದ್ದವನ್ನು ವಾಷಿಂಗ್ಟನ್ನಿನ ಕೇಟೋ ಇನ್‌ಸ್ಟಿಟ್ಯೂಟ್ 2023ರಲ್ಲಿ ಅಳೆಯಿತು. ಭಾರತದಲ್ಲಿ ಹುಟ್ಟಿದ ನೌಕರ ಹೊಸದಾಗಿ ಬಂದು ಕೊನೆಯಲ್ಲಿ ನಿಂತರೆ ಸರದಿ ಬರಲು 134 ವರ್ಷ. ಕಾಯುತ್ತಲೇ ಸಾಯುವವರು 4 ಲಕ್ಷಕ್ಕೂ ಹೆಚ್ಚು. ಕಾನೂನು ಪಾಲಿಸಿದ್ದಕ್ಕೆ ಸಿಗುವ ಬಹುಮಾನ ಮರಣೋತ್ತರವಾಗಿ ಘೋಷಣೆಯಾಗುತ್ತದೆ, ಪದ್ಮ ಪ್ರಶಸ್ತಿಗಳಲ್ಲಿ ಕೆಲವು ಬಾರಿ ಆಗುವ ಹಾಗೆ.

ಒಂದು ಉಪಾಯ ಕಾನೂನಿನಲ್ಲೇ ಇದೆ. ಗಂಡನ ಹುಟ್ಟು ಕೈಕೊಟ್ಟರೆ ಹೆಂಡತಿ ಹುಟ್ಟಿದ ದೇಶದ ಖಾತೆಯಲ್ಲಿ ನಿಲ್ಲಬಹುದು. ಮಸ್ಕತ್ತಿನಲ್ಲೋ ಬಹರೇನಿನಲ್ಲೋ ಹುಟ್ಟಿದ ಮಂಗಳೂರಿನ ಹುಡುಗಿಯನ್ನು ಕಟ್ಟಿಕೊಂಡವನು ಮದುವೆಯ ಮಾರನೆಯ ದಿನವೇ ನೂರು ವರ್ಷ ಮುಂದೆ ಹೋಗುತ್ತಾನೆ. ಜಾತಕದಲ್ಲಿ ‘ಜನ್ಮಸ್ಥಳ’ ಬರೆಯುವುದು ಲಗ್ನ ಲೆಕ್ಕ ಹಾಕಲು ಅಂತ ನಮ್ಮ ಹಿರಿಯರು ತಿಳಿದಿದ್ದರು, ಪಾಪ. ನಮ್ಮಕ್ಕ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ಅಕ್ಕನಿಂದ ಭಾವನಿಗೆ ಎಲ್ಲ ಸುಖವೂ ಸಿಕ್ಕಿದೆ, ಅದೊಂದು ಉಪಕಾರ ಮಾತ್ರ ಆಗಲಿಲ್ಲ.

ಮಗಳ ಕತೆ ಇನ್ನೂ ಚಂದ. ಅವಳು ಹುಟ್ಟಿದ್ದೂ ತೀರ್ಥಹಳ್ಳಿಯಲ್ಲೇ (ಚೊಚ್ಚಲ ಹೆರಿಗೆ, ತವರು, ಅದೇ ಹಠ). ನಾಲ್ಕು ವರ್ಷದವಳಿದ್ದಾಗ ಅಪ್ಪ ಅಮ್ಮನ ಕೈಹಿಡಿದು ಹೋದಳು. ಅಪ್ಪನ ವೀಸಾದ ಆಶ್ರಯದಲ್ಲಿ ಅವಳು ಇರಬಹುದಾದದ್ದು 21 ತುಂಬುವವರೆಗೆ. ಅಷ್ಟರೊಳಗೆ ಅಪ್ಪನ ಸರದಿ ಬರದಿದ್ದರೆ ಅವಳು ಸ್ವತಂತ್ರಳು, ಅಂದರೆ ಗಂಟುಮೂಟೆ ಕಟ್ಟಬೇಕು. 2012ರಲ್ಲಿ ಒಬಾಮಾ ಸರ್ಕಾರ ಚಿಕ್ಕಂದಿನಲ್ಲಿ ಅಮೆರಿಕಕ್ಕೆ ಬಂದ ಮಕ್ಕಳಿಗೆ ಡಾಕಾ ಎಂಬ ರಕ್ಷಣೆ ಕೊಟ್ಟಿತು. ಅದಕ್ಕಿರುವ ಮುಖ್ಯ ಅರ್ಹತೆಗಳಲ್ಲಿ ಒಂದು, ಆ ವರ್ಷದ ಜೂನ್ 15ರಂದು ಮಗುವಿನ ಬಳಿ ಕಾನೂನುಬದ್ಧ ವೀಸಾ ಇರಬಾರದು. ಆಗಲೇ ಅಲ್ಲಿದ್ದು, ಅಪ್ಪ ಅಮ್ಮ ಪ್ರತಿ ಫಾರಮ್ಮನ್ನೂ ಹೊತ್ತಿಗೆ ಸರಿಯಾಗಿ ತುಂಬಿದ್ದ ನಮ್ಮವರ ಮಕ್ಕಳು ಅದೊಂದೇ ಕಾರಣಕ್ಕೆ ಹೊರಗುಳಿದರು. ಅಪ್ಪನ ಪ್ರಾಮಾಣಿಕತೆಯೇ ಅಡ್ಡ ಬಂದ ಪ್ರಸಂಗ ನಮ್ಮ ಸರ್ಕಾರಿ ಕಚೇರಿಗಳಲ್ಲೂ ಉಂಟು. ಆದರೆ ಅದನ್ನು ನಿಯಮ ಮಾಡಿ ಬರೆದಿಡುವಷ್ಟು ನಾವು ಮುಂದುವರಿದಿಲ್ಲ.

21ರ ಮೇಲೂ ಅಲ್ಲೇ ಓದಬೇಕೆಂದರೆ ಅವಳು ‘ವಿದೇಶಿ ವಿದ್ಯಾರ್ಥಿ’ಯಾಗಬೇಕು. ಆ ವೀಸಾಕ್ಕೆ ತನಗೆ ತಾಯ್ನಾಡಿನಲ್ಲಿ ಗಟ್ಟಿ ಬೇರುಗಳಿವೆ, ಓದು ಮುಗಿದ ಕೂಡಲೇ ಮರಳುತ್ತೇನೆ ಅಂತ ಅಧಿಕಾರಿಗೆ ನಂಬಿಕೆ ಬರಿಸಬೇಕು. ಈ ಹುಡುಗಿ ತೀರ್ಥಹಳ್ಳಿಗೆ ಬಂದರೆ ಮೂರನೆಯ ದಿನಕ್ಕೆ ಹೊಟ್ಟೆ ಕೆಡಿಸಿಕೊಂಡು ಮಲಗುತ್ತಾಳೆ. ಉಂಬಳ ಕಂಡರೆ ಮಂಚ ಹತ್ತುತ್ತಾಳೆ. ಇವಳ ಬೇರಿಗೆ ಪುರಾವೆ ಎಲ್ಲಿಂದ ತರೋಣ? ‘ತೋಟದ ಪಹಣಿ ಕಳಿಸ್ತೀಯಾ ಮಾರಾಯ, ಲಾಯರ್ ಕೇಳ್ತಿದ್ದಾರೆ’ ಅಂತ ಭಾವ ಈಗಿಂದಲೇ ತಯಾರಿ ನಡೆಸಿದ್ದಾರೆ. ಪಹಣಿಯಲ್ಲಿ ಇನ್ನೂ ನಮ್ಮ ಅಜ್ಜನ ಹೆಸರೇ ಇದೆ, ಪೌತಿ ಖಾತೆ ಆಗಿಲ್ಲ. ನಾನೇ ಆ ತೋಟಕ್ಕೆ ದಾಖಲೆಯಿಲ್ಲದ ವಲಸಿಗ.

ಭಾವನ ಕಿರಿಯವನು, ಮಗ, ಡಲ್ಲಾಸಿನಲ್ಲೇ ಹುಟ್ಟಿದವನು. ಅವನು ಹುಟ್ಟಾ ಅಮೆರಿಕನ್. 2025ರ ಜನವರಿ 20ರಂದು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ, ಇನ್ನು ಮುಂದೆ ಅಕ್ರಮವಾಗಿ ಇರುವವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವವಿಲ್ಲ ಅಂತ ಆದೇಶ ಹೊರಡಿಸಿದರು. ಭಾವ ಮೆಚ್ಚಿದರು. ಎರಡನೆಯ ಕಲಂ ಓದುವವರೆಗೆ ಮೆಚ್ಚಿಗೆ ಉಳಿದಿತ್ತು. ತಾತ್ಕಾಲಿಕ ವೀಸಾದಲ್ಲಿ ಇರುವವರ ಮಕ್ಕಳಿಗೂ ಇಲ್ಲ ಅಂತ ಅದರಲ್ಲಿತ್ತು. ನ್ಯಾಯಾಲಯಗಳು ಆದೇಶವನ್ನು ತಡೆದವು, ಅದು ಬೇರೆ ಮಾತು. ಬೇಲಿ ಹಾರಿ ಬಂದ ಗ್ವಾಟೆಮಾಲಾದ ಬಸುರಿಯನ್ನೂ ಎಚ್-1ಬಿ ಇಂಜಿನಿಯರನ ಬಸುರಿ ಹೆಂಡತಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಒಂದೇ ಸಹಿ ಹಾಕಿದ್ದರಲ್ಲ, ಅದರಿಂದ ಭಾವನಿಗೆ ಬಹಳ ನೋವಾಯಿತು. 2019ರಲ್ಲಿ ಹ್ಯೂಸ್ಟನ್ನಿನ ‘ಹೌಡಿ ಮೋದಿ’ಗೆ ನಾಲ್ಕು ತಾಸು ಕಾರು ಓಡಿಸಿಕೊಂಡು ಹೋಗಿ ಇಬ್ಬರು ನಾಯಕರಿಗೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದವರು ಅವರು. ಮತ ಹಾಕುವ ಹಕ್ಕಿಲ್ಲದವನಿಗೆ ಚಪ್ಪಾಳೆಯೇ ಮತ.

ಇನ್ನು ಸಾಲು ತಪ್ಪಿಸಿದವರು. ಅವರು ಯಾವ ಸಾಲಿನಲ್ಲಿ ನಿಲ್ಲಬೇಕಿತ್ತು ಅಂತ ನಾನೂ ಹುಡುಕಿದೆ. ಕಾಲೇಜು ಓದದ, ಕೈಕೆಲಸ ಮಾಡುವ ಮೆಕ್ಸಿಕೊದ ಮನುಷ್ಯನೊಬ್ಬ ಗ್ರೀನ್ ಕಾರ್ಡ್ ಬೇಕೆಂದರೆ ಅಂಥವರಿಗೆ ಇಡೀ ಪ್ರಪಂಚಕ್ಕೆಂದು ಇಟ್ಟಿರುವುದು ವರ್ಷಕ್ಕೆ ಗರಿಷ್ಠ 10,000. ಅದೂ ಮಾಲೀಕನೇ ಮುಂದೆ ನಿಂತು ಅರ್ಜಿ ಹಾಕಿದರೆ. ಅಮೆರಿಕದ ಪ್ರಜೆಯಾದ ಅಣ್ಣನೋ ಅಕ್ಕನೋ ಕರೆಸಿಕೊಳ್ಳಲಿ ಅಂದರೆ, ಆ ವಿಭಾಗದಲ್ಲಿ 2025ರಲ್ಲಿ ಮೆಕ್ಸಿಕೊದವರ ಸರದಿ ಬಂದಿದ್ದದ್ದು 2001ರ ಅರ್ಜಿಗಳಿಗೆ. ‘ಬನ್ನಿ, ಸಾಲಿನಲ್ಲಿ ಬನ್ನಿ’ ಅಂತ ಅವರಿಗೆ ಉಪದೇಶ ಮಾಡುವವರು ಕೌಂಟರ್ ಎಲ್ಲಿದೆ ಅಂತ ತೋರಿಸಿದ್ದನ್ನು ನಾನು ಕಂಡಿಲ್ಲ.

ಕೌಂಟರ್ ಇಲ್ಲದಿದ್ದರೂ ಕೆಲಸ ಇದೆ. ಅಮೆರಿಕದ ಹೊಲಗಳಲ್ಲಿ ಬೆಳೆ ಕೊಯ್ಯುವ ಕೂಲಿಗಳಲ್ಲಿ ನೂರಕ್ಕೆ ನಲವತ್ತರಷ್ಟು ಜನರಿಗೆ ಕಾಗದವಿಲ್ಲ. ಅವರು ಕೊಯ್ದ ಲೆಟ್ಯೂಸಿಗೆ, ದ್ರಾಕ್ಷಿಗೆ ಯಾರೂ ವೀಸಾ ಕೇಳುವುದಿಲ್ಲ. ದಾಖಲೆಯಿಲ್ಲದ ಇಂಥವರು ಎಲ್ಲ ಸೇರಿ 2022ರಲ್ಲಿ ಕಟ್ಟಿದ ತೆರಿಗೆ 9,670 ಕೋಟಿ ಡಾಲರ್. ಅದರಲ್ಲಿ ದೊಡ್ಡದೊಂದು ಪಾಲು ಹೋದದ್ದು ಅವರಿಗೆ ಯಾವತ್ತೂ ಸಿಗದ ಪಿಂಚಣಿ ನಿಧಿಗೆ. 2025ರ ಜೂನ್‌ನಲ್ಲಿ ‘ರೈತರು, ಹೋಟೆಲಿನವರು ಒಳ್ಳೆಯ ಹಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತಿದ್ದಾರೆ’ ಅಂತ ಅಧ್ಯಕ್ಷರೇ ಮರುಗಿದರು, ಹೊಲ ಹೋಟೆಲುಗಳ ಮೇಲಿನ ದಾಳಿ ನಿಂತಿತು. ವಾರ ತುಂಬುವುದರೊಳಗೆ ಮತ್ತೆ ಶುರುವಾಯಿತು. ಕಾನೂನಿಗೂ ಹಂಗಾಮು ಇರುತ್ತದೆ.

‘ಆದರೂ ಅಮೆರಿಕನ್ನರ ಪೂರ್ವಿಕರು ಕಾನೂನು ಪ್ರಕಾರ ಬಂದರಲ್ಲ’ ಅನ್ನುತ್ತಾರೆ ಭಾವ. ಬಂದರು ನಿಜ, ಮುರಿಯಲು ಹೆಚ್ಚೇನೂ ಕಾನೂನು ಇರದಿದ್ದಾಗ. ಟ್ರಂಪರ ಅಜ್ಜ ಫ್ರೀಡ್ರಿಕ್ 1885ರಲ್ಲಿ ಜರ್ಮನಿಯ ಕಾಲ್‌ಸ್ಟಾಟ್‌ನಿಂದ ಹಡಗು ಹತ್ತಿದಾಗ ಹದಿನಾರರ ಹುಡುಗ. ನ್ಯೂಯಾರ್ಕಿನಲ್ಲಿ ವೀಸಾ ಕೇಳುವವರು ಇರಲಿಲ್ಲ. ಕಾಸು ಮಾಡಿಕೊಂಡು ಊರಿಗೆ ಮರಳಿದಾಗ, ಸೇನೆಯ ಸೇವೆ ತಪ್ಪಿಸಿ ಓಡಿಹೋದವನೆಂದು ಬವೇರಿಯಾ ಸರ್ಕಾರ 1905ರಲ್ಲಿ ಗಡಿಪಾರು ಮಾಡಿತು. ಆ ಮನೆತನಕ್ಕೆ ಗಡಿಪಾರಿನ ಅನುಭವ ಹಳೆಯದು. ಅಧ್ಯಕ್ಷರ ಪತ್ನಿಗೆ 2001ರಲ್ಲಿ ‘ಅಸಾಧಾರಣ ಪ್ರತಿಭೆ’ಯ ಗ್ರೀನ್ ಕಾರ್ಡ್ ಸಿಕ್ಕಿತು. ಅವರ ತಂದೆ ತಾಯಿ ಮಗಳ ಬೆನ್ನಿಗೆ ಬಂದು 2018ರಲ್ಲಿ ಪ್ರಜೆಗಳಾದರು. ಅಳಿಯಂದಿರು ಆಗ ಇಂಥ ಸರಪಳಿ ವಲಸೆಯನ್ನೇ ಬೈಯುವುದರಲ್ಲಿ ಮಗ್ನರಾಗಿದ್ದರು.

ನಮ್ಮವರದ್ದೂ ಹೇಳಿಬಿಡೋಣ. 1917ರಲ್ಲಿ ಅಮೆರಿಕ ಭಾರತೀಯರಿಗೆ ಬಾಗಿಲು ಹಾಕಿತು, 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬುವರಿಗೆ ‘ನೀನು ಬಿಳಿಯನಲ್ಲ, ಪೌರತ್ವ ಇಲ್ಲ’ ಅಂತ ತೀರ್ಪು ಕೊಟ್ಟಿತು, 1946ರಲ್ಲಿ ಉದಾರ ಮನಸ್ಸಿನಿಂದ ವರ್ಷಕ್ಕೆ 100 ಭಾರತೀಯರಿಗೆ ಜಾಗ ಮಾಡಿತು. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಪಂಜಾಬಿ ರೈತರು ಮೆಕ್ಸಿಕೊದ ಗಡಿ ದಾಟಿ ಕ್ಯಾಲಿಫೋರ್ನಿಯಾ ಸೇರಿದರು. ಅವರ ಮೊಮ್ಮಕ್ಕಳ ಹೊಲದ ಬಾದಾಮಿಯನ್ನು ಭಾವ ರಜೆಯಲ್ಲಿ ಬರುವಾಗ ನಮಗೆಲ್ಲ ಪಾಕೀಟು ಪಾಕೀಟು ತಂದುಕೊಡುತ್ತಾರೆ.

ಹಾಗೇ ಒಮ್ಮೆ ಪಿತೃಪಕ್ಷಕ್ಕೆಂದು ಬಂದಿದ್ದರಲ್ಲ, ಆಗಿನದ್ದು ಹೇಳಲೇಬೇಕು. 2025ರ ಮಹಾಲಯ ಅಮಾವಾಸ್ಯೆ ಬಿದ್ದದ್ದು ಸೆಪ್ಟೆಂಬರ್ 21ರ ಭಾನುವಾರ. ಅಪ್ಪನ ಕಾರ್ಯಕ್ಕೆ ಅಣ್ಣ ತಮ್ಮ ಇಬ್ಬರೂ ಕುಂದಾಪುರದ ಮನೆಗೆ ಬಂದಿದ್ದರು. ಶನಿವಾರ ಬೆಳಿಗ್ಗೆ ಭಾವನ ಫೋನು ಬಡಿದುಕೊಳ್ಳಲು ಶುರುವಾಯಿತು. ಎಚ್-1ಬಿಗೆ ಇನ್ನು 1 ಲಕ್ಷ ಡಾಲರ್ ಶುಲ್ಕ, ಹೊರಗಿರುವವರು ಭಾನುವಾರದೊಳಗೆ ಅಮೆರಿಕ ಮುಟ್ಟಬೇಕು ಅಂತ ಕಂಪನಿಯ ಮೇಲ್. ವಾಣಿಜ್ಯ ಕಾರ್ಯದರ್ಶಿ ಅದನ್ನು ವರ್ಷವರ್ಷವೂ ಕಟ್ಟಬೇಕೆಂದು ಹೇಳಿದ್ದೂ ಟಿವಿಯಲ್ಲಿ ಬಂತು. ಹಿರಿಯ ಮಗನಾಗಿ ಪಿಂಡ ಇಡಬೇಕಾದವರು, ಅರ್ಧ ಬಿಚ್ಚಿದ ಸೂಟ್‌ಕೇಸನ್ನು ಮತ್ತೆ ಕಟ್ಟಿದರು. ಕುಂದಾಪುರದಿಂದ ಮಂಗಳೂರು, ಮಂಗಳೂರಿನಿಂದ ಬೆಂಗಳೂರು, ಅಲ್ಲಿಂದ ದೋಹಾ. ಟಿಕೇಟಿಗೆ ಕೊಟ್ಟ ದುಡ್ಡಿನಲ್ಲಿ ತೋಟಕ್ಕೆ ಬೇಲಿ ಹಾಕಿಸಬಹುದಿತ್ತು. ಭಾನುವಾರ ಕುವೈತಿನಲ್ಲಿ ಹುಟ್ಟಿದ ತಮ್ಮ ನಿರಾಳವಾಗಿ ದರ್ಭೆ ಉಂಗುರ ತೊಟ್ಟು ಅಪ್ಪನ ಕಾರ್ಯ ಮುಗಿಸಿ, ವಡೆ ಪಾಯಸ ಉಂಡು ಮಲಗಿದ. ಭಾವ ದೋಹಾದಲ್ಲಿ ಇಳಿದು ಫೋನು ಹಚ್ಚಿದಾಗ ಶ್ವೇತಭವನದ ಸ್ಪಷ್ಟನೆ ಬಂದಿತ್ತು: ಶುಲ್ಕ ಒಂದೇ ಸಲದ್ದು, ಅದೂ ಹೊಸ ಅರ್ಜಿಗಳಿಗೆ ಮಾತ್ರ, ಇದ್ದವರು ಗಾಬರಿಯಾಗಬೇಕಿಲ್ಲ.

ಆ ಶುಲ್ಕದ ಆದೇಶಕ್ಕೆ ಸಹಿ ಬಿದ್ದ ದಿನವೇ, ಅದೇ ಮೇಜಿನ ಮೇಲೆ ಇನ್ನೊಂದಕ್ಕೂ ಸಹಿ ಬಿದ್ದಿತ್ತು: ಗೋಲ್ಡ್ ಕಾರ್ಡ್. ಅಮೆರಿಕ ಸರ್ಕಾರಕ್ಕೆ 10 ಲಕ್ಷ ಡಾಲರ್ ‘ಕಾಣಿಕೆ’ ಕೊಟ್ಟವರು ಬೇಗ ಒಳಗೆ ಬರಬಹುದು. ಆದೇಶದಲ್ಲೇ ಅದನ್ನು ಕಾಣಿಕೆ ಅಂತ ಕರೆದಿದ್ದಾರೆ. ತಿರುಪತಿಯ ಸರ್ವದರ್ಶನದಲ್ಲಿ ಕಂಬಿ ಹಿಡಿದು ನಿಂತವರಿಗೆ ಇದನ್ನೇನೂ ವಿವರಿಸಬೇಕಾಗಿಲ್ಲ. ಭಾವನೂ ಆಶ್ಚರ್ಯಪಡಲಿಲ್ಲ. ‘ದುಡ್ಡು ಕೊಟ್ಟು ಹೋಗುವುದು ಲೀಗಲ್ಲೇ ಮಾರಾಯ’ ಅಂದರು. ಏಜೆಂಟನಿಗೆ 40-50 ಲಕ್ಷ ರೂಪಾಯಿ ಕೊಟ್ಟು ಪನಾಮಾದ ಕಾಡು ದಾಟಿದ ಹರಿಯಾಣದ ಹುಡುಗ ಮಾಡಿದ ತಪ್ಪು ಈಗ ನನಗೆ ಅರ್ಥವಾಯಿತು. ದುಡ್ಡು ಕೊಟ್ಟದ್ದು ಸರಿ, ಕೊಟ್ಟ ಕೌಂಟರ್ ತಪ್ಪು. ಜೊತೆಗೆ ಮೊತ್ತವೂ ಸಾಲದು.

ಕಾಗದ ಕೇಳುವ ಕೆಲಸ ಇಲ್ಲೂ ನಡೆಯುತ್ತದೆ. ಭಾವನಿಗೆ ಬೆಂಗಳೂರಿನ ಬೆಳ್ಳಂದೂರಿನಲ್ಲಿ ಒಂದು ಫ್ಲಾಟ್ ಇದೆ. 2020ರಲ್ಲಿ ಅವರ ತಾಯಿ ಅಲ್ಲಿದ್ದರು. ಆ ಜನವರಿಯಲ್ಲಿ ಅಲ್ಲೇ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ಸೇರಿಕೊಂಡಿದ್ದಾರೆಂದು ತಗಡಿನ ಶೆಡ್ಡುಗಳನ್ನು ಕೆಡವಿದರು. ಬೀದಿಗೆ ಬಿದ್ದವರು ಆಧಾರ್ ಕಾರ್ಡ್ ಹಿಡಿದು ಟಿವಿಯ ಮುಂದೆ ನಿಂತಾಗ ನೋಡಿದರೆ ಅವರಲ್ಲಿ ಅಸ್ಸಾಮಿನವರು, ತ್ರಿಪುರಾದವರು, ನಮ್ಮದೇ ಉತ್ತರ ಕರ್ನಾಟಕದವರು. ಡಲ್ಲಾಸಿನಲ್ಲಿ ಕೂತು ವಾಟ್ಸಾಪಿನಲ್ಲಿ ಅರ್ಧ ಸುದ್ದಿ ಓದಿದ ಭಾವ ಅಮ್ಮನಿಗೆ ಫೋನ್ ಹಚ್ಚಿದರು, ನಾನೂ ಅಲ್ಲಿದ್ದೆ, ಸ್ಪೀಕರಿನಲ್ಲಿತ್ತು. ಮನೆಗೆಲಸಕ್ಕೆ ಬರುವವಳು ಯಾವ ಊರಿನವಳು, ಕಾಗದಪತ್ರ ಏನೇನಿದೆ, ಎಲ್ಲ ಕೇಳಿ ಫೋಟೋ ತೆಗೆದು ಕಳಿಸಬೇಕಂತೆ.

‘ಅವ್ಳ್ ಸುರಪುರದವ್ಳ್’ ಅಂದರು ಅಮ್ಮ, ಬಾಳೆದಿಂಡು ಹೆಚ್ಚುತ್ತಾ. ‘ಆಧಾರ್ ಇತ್, ವೋಟರ್ ಕಾರ್ಡ್ ಇತ್, ರೇಷನ್ ಕಾರ್ಡೂ ಇತ್. ಅಲ್ಲಿ ನಿನ್ ಹತ್ರ ಎಂತ ಇತ್ ಮಗಾ?’

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

‘ಐ-140 ಅಪ್ರೂವ್ ಆಯ್ತ್ ಅಮ್ಮಾ.’

‘ಅಪ್ಪಾ ದೇವ್ರೆ! ಅದ್ ಎಷ್ಟ್ ಸೆಂಟ್ಸ್ ಜಾಗ?’